ದುಗ್ಗಪ್ಪನಿಗೊಂದು ಎಲೆ

ದೇರೆಬೈಲಿನಲ್ಲಿ ಬಟ್ಟೆ ಹೊಲಿದು ಮನೆ ನಡೆಸುತ್ತಿದ್ದ ಕಿನ್ನಿಗೆ ಹಟ ಹುಟ್ಟಿನಿಂದಲೇ ಬಂದದ್ದು. ರವಕೆಯ ತೋಳು ಕೂದಲೆಳೆಯಷ್ಟು ಏರುಪೇರಾದರೂ ಇಡೀ ತೋಳನ್ನೇ ಬಿಚ್ಚಿ ಮತ್ತೆ ಹೊಲಿಯುವವಳು. ಅಂಥವಳು ಅಪ್ಪನ ವಿಷಯವನ್ನು ಸುಮ್ಮನೆ ಬಿಟ್ಟಾಳೇ?

ಅಪ್ಪ ದುಗ್ಗಪ್ಪ ಹಡಗಿನ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸದವನು. ನಲವತ್ತೊಂದನೇ ಇಸವಿಯಲ್ಲಿ, ಕಿನ್ನಿಗೆ ನಾಲ್ಕು ವರ್ಷವಿದ್ದಾಗ, ಬೊಂಬಾಯಿಯಿಂದ ಹಡಗು ಹತ್ತಿದವನು ಮರಳಲಿಲ್ಲ. ಯಾವುದೋ ಬಂದರಿನಲ್ಲಿ ಇಳಿದು ಓಡಿಹೋಗಿ ಬೇರೆ ಸಂಸಾರ ಹೂಡಿದ್ದಾನೆ ಎಂದು ಊರು ತೀರ್ಮಾನಿಸಿತು. ಊರಿಗೇನು, ಹೇಳಲು ಖರ್ಚುಂಟೇ?

ವರ್ಷಕ್ಕೊಮ್ಮೆ ಮಳೆಗಾಲದ ಆಟಿ ತಿಂಗಳಲ್ಲಿ ಮನೆಯ ಕುಲೆಗಳಿಗೆ, ಅಂದರೆ ತೀರಿಕೊಂಡವರಿಗೆ, ಎಲೆ ಹಾಕಿ ಬಡಿಸುವಾಗ ಕಿನ್ನಿಯ ಹೊಟ್ಟೆ ಉರಿಯುತ್ತಿತ್ತು. ಅಪ್ಪನಿಗೆ ಎಲೆಯಿಲ್ಲ. ಅಮ್ಮ ದೇಯಿಯ ತಮ್ಮ ಸಂಕಪ್ಪನೇ ಮನೆಗೆ ಯಜಮಾನ, ಅವನು ಒಪ್ಪುತ್ತಿರಲಿಲ್ಲ.

"ಸತ್ತದ್ದಕ್ಕೆ ಗುರುತು ಎಂತ ಉಂಟು? ಓಡಿಹೋದವನಿಗೆ ಎಲೆ ಹಾಕಿದ್ರೆ ಉಳಿದ ಕುಲೆಗಳು ಊಟಕ್ಕೆ ಕೂರ್ಲಿಕ್ಕಿಲ್ಲ."

"ಗುರುತು ನಾನು ತರ್ತೇನೆ ಮಾವ," ಎಂದಳು ಕಿನ್ನಿ. ಅದು ಎಪ್ಪತ್ತನಾಲ್ಕನೇ ಇಸವಿ.

ಹಂಪನಕಟ್ಟೆಯ ಟೈಪಿಸ್ಟನಿಂದ ಇಂಗ್ಲಿಷಿನಲ್ಲಿ ಬರೆಸಿ, ಬೊಂಬಾಯಿಯಲ್ಲಿ ನಾವಿಕರ ದಾಖಲೆ ಇಡುವ ಕಚೇರಿಗೆ ಅರ್ಜಿ ಹಾಕಿದಳು: ದುಗ್ಗಪ್ಪ, ತಂದೆ ಐತಪ್ಪ. ಉತ್ತರ ಬಂತು: ದುಗ್ಗಪ್ಪ ಎಂಬವರು ಹಲವರಿದ್ದಾರೆ, ಐತಪ್ಪನ ಮಗ ಯಾರೂ ಇಲ್ಲ. ಮತ್ತೆ ಬರೆದಳು. ಆರು ವರ್ಷಗಳಲ್ಲಿ ಒಂಬತ್ತು ಅರ್ಜಿ. ಒಂಬತ್ತಕ್ಕೂ ಅದೇ ಉತ್ತರ. ಟೈಪಿಸ್ಟನೇ "ಸಾಕು ಮಾಡಿ ಅಕ್ಕ" ಎಂದ. ಕಿನ್ನಿ ಸಾಕು ಮಾಡಲಿಲ್ಲ. ಊರಲ್ಲಿ ಹಡಗು ಕಂಡ ಮುದುಕರ ಮನೆಗಳನ್ನೆಲ್ಲ ಹುಡುಕಿಕೊಂಡು ಹೋದಳು. ಹಾಗೆ ಸಿಕ್ಕಿದವನು ನಂತೂರಿನ ಸೈಮನ್. ಮೂವತ್ತು ವರ್ಷ ಹಡಗಿನಲ್ಲಿ ಅಡುಗೆ ಮಾಡಿದವನು.

"ನಿನ್ನ ಅಪ್ಪ ಬೊಂಬಾಯಿಗೆ ಹೋದದ್ದು ಯಾರ ಒಟ್ಟಿಗೆ?" ಎಂದು ಕೇಳಿದ.

"ಅವರ ಸೋದರಮಾವನ ಒಟ್ಟಿಗೆ. ಜಾರಪ್ಪ ಅಂತ."

"ಮತ್ತೆ ಐತಪ್ಪ ಅಂತ ಯಾಕೆ ಬರೆಸ್ತಿ ಮಾರಾಯ್ತಿ? ನಿಮ್ಮದು ಅಳಿಯಸಂತಾನ, ಮನೆತನ ಮಾವನಿಂದ ಅಳಿಯನಿಗೆ ಬರುದು. ಹಡಗಿಗೆ ಹೆಸರು ಬರೆಸುವಾಗ ನೀನು ಯಾರ ಕಡೆಯವ ಅಂತ ಕೇಳಿದ್ರೆ ಆಗಿನವರು ಮಾವನ ಹೆಸರೇ ಹೇಳ್ತಿದ್ದದ್ದು."

ಕಿನ್ನಿ ಹಣೆ ಚಚ್ಚಿಕೊಂಡಳು. ಮಾವನ ಮಾತೇ ಕೊನೆಯ ಮಾತಾದ ಮನೆಯಲ್ಲಿ ಬೆಳೆದವಳಿಗೆ ಇಷ್ಟು ಹೊಳೆಯಬಾರದೇ!

ಹತ್ತನೆಯ ಅರ್ಜಿ ಜಾರಪ್ಪನ ಹೆಸರಿನಲ್ಲಿ ಹೋಯಿತು. ಎಂಬತ್ತೊಂದರ ಆಟಿಯಲ್ಲಿ ಉತ್ತರ ಬಂತು. ಅದನ್ನು ಟೈಪಿಸ್ಟನಿಂದ ಓದಿಸಿಕೊಂಡು ಓಡುತ್ತಲೇ ಮನೆಗೆ ಬಂದ ಕಿನ್ನಿ, ಮಾವನ ಎದುರು ನಿಂತು ಒಂದೊಂದೇ ಮಾತು ಬಿಡಿಸಿ ಹೇಳಿದಳು. ದುಗ್ಗಪ್ಪ ಎಲ್ಲಿಗೂ ಓಡಿರಲಿಲ್ಲ. ನಲವತ್ತೆರಡರಲ್ಲಿ, ಮಹಾಯುದ್ಧದ ಕಾಲ, ಶತ್ರುಗಳ ದಾಳಿಗೆ ಹಡಗು ಮುಳುಗಿದಾಗ ಒಲೆಯ ಮುಂದೆ ಕೆಲಸದಲ್ಲಿದ್ದವನು ಅಲ್ಲೇ ತೀರಿಕೊಂಡಿದ್ದ. ದಾಖಲೆಯಲ್ಲಿ ‘ನಡತೆ ಉತ್ತಮ’ ಎಂದೂ ಬರೆದಿತ್ತು.

"ತಪ್ಪಾಯ್ತು ಮಗಳೇ," ಎಂದ ಸಂಕಪ್ಪ. "ಈ ಸಲ ಭಾವನ ಬಾಳೆ ಎಲೆ ನಾನೇ ಕೊಯ್ತೇನೆ."

ದೇಯಿ ಅಳಲಿಲ್ಲ. "ಬಂದ್ರೆ ಕೇಳ್ಬೇಕು ಅಂತ ಎಷ್ಟೆಲ್ಲ ಇಟ್ಕೊಂಡಿದ್ದೆ," ಎಂದಳು. "ಇನ್ನು ಯಾರ ಹತ್ರ ಕೇಳುದು?"

ಗೆದ್ದೆ ಎಂದು ಬೀಗುತ್ತಿದ್ದ ಕಿನ್ನಿ ಕಾಗದವನ್ನು ಮಡಚಿಟ್ಟಳು. ಓಡಿಹೋದವನಾದರೂ ಅಮ್ಮನ ಪಾಲಿಗೆ ಗಂಡ ನಿನ್ನೆಯವರೆಗೆ ಬದುಕಿದ್ದ. ಗುರುತು ತಂದದ್ದಕ್ಕೆ ಅವಳು ಪಶ್ಚಾತ್ತಾಪಪಡಲಿಲ್ಲ, ಆದರೆ ದುಃಖ ತಡೆಯಲಾಗಲಿಲ್ಲ.

ಕುಲೆಗಳಿಗೆ ಬಡಿಸುವ ದಿನ ದುಗ್ಗಪ್ಪನ ಎಲೆಗೆ ದೇಯಿಯೇ ಬಡಿಸಿದಳು. ಬಡಿಸಿದ ಮೇಲೆ, ಕುಲೆಗಳು ಉಣ್ಣಲೆಂದು, ಬದುಕಿರುವವರು ಹೊರಗೆ ಬಂದು ಬಾಗಿಲು ಎಳೆದುಕೊಳ್ಳುವುದು ಕ್ರಮ. ಎಲ್ಲರೂ ಬಂದರು, ದೇಯಿ ಬರಲಿಲ್ಲ. ಅಕ್ಕನನ್ನು ಕರೆಯಲು ಹೊರಟ ಸಂಕಪ್ಪನಿಗೆ ಕಿನ್ನಿ ಅಡ್ಡ ನಿಂತಳು.

"ಇರ್ಲಿ ಮಾವ. ಅಮ್ಮನಿಗೆ ಸ್ವಲ್ಪ ಮಾತಾಡ್ಲಿಕ್ಕುಂಟು."

ಅಷ್ಟರಲ್ಲಿ ಒಳಗಿನಿಂದ ದೇಯಿಯ ಬೈಗುಳ ಕೇಳತೊಡಗಿತು.