ಬೀಡಿ ನೂಲಿನಲ್ಲಿ ಹೊಲಿದ ಕಿಟಕಿ

ಮೊನ್ನೆ ಅಡುಗೆಮನೆಯ ಕಿಟಕಿಯಿಂದ ಹಳೆ ತಂತಿ ಬಲೆಯನ್ನು ಕಿತ್ತಾಗ ಎದ್ದ ವಾಸನೆ ಇನ್ನೂ ನನ್ನ ಬೆರಳಿನಿಂದ ಹೋಗಿಲ್ಲ. ತುಕ್ಕು, ದೂಳು, ಒಗ್ಗರಣೆಯ ಜಿಡ್ಡು... ಅದರಡಿಯಲ್ಲಿ ಎಲ್ಲೋ ಹೊಗೆಸೊಪ್ಪಿನ ಘಾಟು. ಆ ಕೊನೆಯದು ನನ್ನ ಭ್ರಮೆಯೇ ಇರಬಹುದು. ಇಷ್ಟು ವರ್ಷ ಒಂದು ತಂತಿ ಬಲೆ ಹೊಗೆಸೊಪ್ಪಿನ ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತದೆಯೇ?

ಮೂಡಬಿದ್ರೆ ಪೇಟೆಯಿಂದ ಹೊಸ ನೆಟ್ ಹಾಕಲು ಬಂದವನು ಹಳೆಯದನ್ನು ಕೀಳುವ ಮೊದಲು ಬೆಳಕಿನೆದುರು ಬಗ್ಗಿ ನೋಡಿದ. "ಇದರಲ್ಲಿ ನೆಟ್‌ಗಿಂತ ನೂಲೇ ಜಾಸ್ತಿ ಉಂಟಲ್ಲ ಮೇಡಂ" ಎಂದ. ಸುಳ್ಳಲ್ಲ. ಆ ನೂಲಿನಲ್ಲಿ ಅರ್ಧ ನಾನು ಹೊಲಿದದ್ದು. ಇನ್ನರ್ಧ ಹೊಲಿದವಳು ಬೆಳ್ತಂಗಡಿಯ ಪಕ್ಕದ ಲಾಯಿಲದಲ್ಲಿ ನಮ್ಮ ನೆರೆಮನೆಯಲ್ಲಿದ್ದ ಅಕ್ಕ.

ತೊಂಬತ್ತರ ದಶಕದ ನಡುವೆ ಎಲ್ಲೋ ನಾನು ಮದುವೆಯಾಗಿ ಲಾಯಿಲಕ್ಕೆ ಬಂದದ್ದು. ರಸ್ತೆ ಬದಿಯ ಬಾಡಿಗೆ ಮನೆ, ಅದರ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರ. ಬೇಲಿಯಾಚೆ ಅಕ್ಕನ ಮನೆ. ಅಕ್ಕ ಎಂದರೆ ಸಂಬಂಧವೇನಲ್ಲ. ನನಗಿಂತ ತುಂಬಾ ದೊಡ್ಡವಳು, ಆದರೂ ಏಕವಚನದಲ್ಲಿ ಮಾತಾಡುವ ಸಲುಗೆಯನ್ನು ಬಂದ ಹೊಸತರಲ್ಲೇ ಕೊಟ್ಟವಳು. ಮದುವೆಯಾಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳುವವರಿಗೆ ಪುರುಸೊತ್ತು ಸಿಗಲಿಲ್ಲ ಎನ್ನುತ್ತಿದ್ದಳು. ಆ ಮನೆಯಲ್ಲಿ ಅವಳಿಗೂ ಅವಳ ಅಣ್ಣನಿಗೂ ಸಮಪಾಲು. ಅಣ್ಣ ಬೊಂಬಾಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು. ಇಸ್ತ್ರಿ ಹಾಕಿದ ಬಿಳಿ ಪಂಚೆ, ಬಿಸಿಲಿರಲಿ ಮಳೆಯಿರಲಿ ಕೈಯಲ್ಲೊಂದು ಉದ್ದ ಕೊಡೆ, ಊರಲ್ಲಿ ಮಾತಿಗೆ ತಪ್ಪದ ಮನುಷ್ಯ ಎಂಬ ಹೆಸರು. ಆ ಹೆಸರಿನ ಕತೆಯನ್ನೇ ನಾನೀಗ ಹೇಳಹೊರಟಿರುವುದು.

ಅಕ್ಕ ಬೀಡಿ ಕಟ್ಟುತ್ತಿದ್ದಳು. ನಮ್ಮ ಕಡೆ ಬೀಡಿ ಕಟ್ಟದ ಮನೆ ಯಾವುದಿತ್ತು ಆಗ? ಮಡಿಲಲ್ಲಿ ತಡ್ಪೆ, ಎಂದರೆ ಬೀಡಿ ಕಟ್ಟುವ ಮೊರ, ಇಟ್ಟುಕೊಂಡು ಕೂತರೆ ಮಕ್ಕಳ ಶಾಲೆ, ಹಬ್ಬದ ಸೀರೆ, ಮದ್ದಿನ ಖರ್ಚು ಎಲ್ಲ ಆ ತಡ್ಪೆಯಿಂದಲೇ ಏಳುತ್ತಿತ್ತು. ಆದರೆ ಬೊಂಬಾಯಿ ನೋಡಿ ಬಂದ ಅಣ್ಣನಿಗೆ ತಂಗಿ ಬೀಡಿ ಕಟ್ಟುವುದು ಮರ್ಯಾದೆಯ ಪ್ರಶ್ನೆಯಾಯಿತು. ನೆಂಟರು ಬರುವ ಜಗಲಿಯಲ್ಲಿ ಬೇಡ ಎಂದರು. ಅಂಗಳದಲ್ಲಿ ಕೂತಳು. ಅಂಗಳದಲ್ಲೂ ಬೇಡ ಎಂದರು. ಕೊನೆಗೆ ಅವಳಿಗೆ ಉಳಿದದ್ದು ಪಶ್ಚಿಮಕ್ಕಿದ್ದ ಪಡು ಕೋಣೆ, ರಸ್ತೆ ಕಡೆಗಿದ್ದ ಅದರ ಒಂದೇ ಕಿಟಕಿ. ಕಿಟಕಿಯ ಬೆಳಕಿಗೆ ಕೂತು ಎಲೆ ಕತ್ತರಿಸುತ್ತಿದ್ದಳು, ಹೋಗಿ ಬರುವವರನ್ನು ಮಾತಾಡಿಸುತ್ತಿದ್ದಳು. ಹೊಗೆಸೊಪ್ಪಿನ ಪುಡಿ ಹಾರುವ ಕೆಲಸಕ್ಕೆ ಗಾಳಿ ಬೇಡವೇ? ಆ ಕಿಟಕಿ ಹೋದರೆ ಬೀಡಿ ಹೋಯಿತು, ಬೀಡಿ ಹೋದರೆ ಸಾಬೂನಿಗೂ ಅಣ್ಣನ ಎದುರು ಕೈಯೊಡ್ಡಬೇಕು. ಅವಳಿಗೆ ಅದು ಗೊತ್ತಿತ್ತು. ಅಣ್ಣನಿಗೂ ಗೊತ್ತಿತ್ತು.

ಒಂದು ವರ್ಷ ಊರೆಲ್ಲ ಮಲೇರಿಯಾ ಹರಡಿತು. ಅಣ್ಣನೂ ಕಂಬಳಿ ಹೊದ್ದು ನಡುಗಿದರು. ಜ್ವರ ಬಿಟ್ಟು ಎದ್ದವರೇ, ಸೊಳ್ಳೆ ಬರುವುದೆಲ್ಲ ಪಡು ಕೋಣೆಯ ಕಿಟಕಿಯಿಂದ, ಅದನ್ನು ಮುಚ್ಚಿಸುತ್ತೇನೆ ಎಂದು ಗೋಡೆ ಕಟ್ಟುವ ಮುರಕಲ್ಲು ಒಂದು ಲೋಡು ತರಿಸಿ ಆ ಕಿಟಕಿಯ ಕೆಳಗೇ ಇಳಿಸಿದರು. ಮನೆಗೆ ಬೇರೆ ಕಿಟಕಿಗಳೂ ಇದ್ದವು. ಆ ಸೊಳ್ಳೆಗಳಿಗೆ ಅದೊಂದೇ ದಾರಿ ಗೊತ್ತಿತ್ತೇನೋ! ಅಕ್ಕ ಜಗಳ ಮಾಡಲಿಲ್ಲ. ಸೊಳ್ಳೆಗಾದರೆ ನೆಟ್ ಸಾಕಲ್ಲ, ನಾನೇ ಹೊಡೆಯುತ್ತೇನೆ ಎಂದಳು. ಜಗಲಿಯಲ್ಲಿ ಅಕ್ಕಪಕ್ಕದವರು ನಾಲ್ಕು ಜನ ಕೂತಿದ್ದರು, ನಾನೂ ರವಕೆ ಕೊಡಲು ಹೋದವಳು ಅಲ್ಲೇ ಇದ್ದೆ. ಅವರೆದುರು ಇಲ್ಲ ಎನ್ನಲಾಗದೆ ಅಣ್ಣ ಹೇಳಿದರು:

"ಆಯ್ತು, ಹಾಕು. ಆದರೆ ಒಂದು ಕಡೆ ತೂತು ಕಂಡರೂ ಅದೇ ದಿನ ಕಲ್ಲು ಇಡಿಸ್ತೇನೆ."

"ತೂತು ಇಲ್ಲದಿದ್ದರೆ?" ಎಂದಳು ಅಕ್ಕ.

"ಇಲ್ಲದಿದ್ದರೆ ಮುಟ್ಟುವುದಿಲ್ಲ. ಮಾತು ಅಂದರೆ ಮಾತು."

ಬೆಳ್ತಂಗಡಿ ಪೇಟೆಯಿಂದ ತಂತಿ ಬಲೆ ತಂದಳು. ಹೊಡೆಯುವಾಗ ಸಹಾಯಕ್ಕೆ ನಾನು ಹೋಗಿದ್ದೆ. ಮೇಲಿನ ಅಂಚಿಗೆ ಮೊದಲು ಮರದ ಪಟ್ಟಿ ಇಟ್ಟು ಮೊಳೆ ಹೊಡೆದಳು. ಕೆಳಗಿನ ಅಂಚನ್ನು ಒಂದು ಕೋಲಿಗೆ ಸುತ್ತಿ ನನ್ನ ಕೈಗೆ ಕೊಟ್ಟು, ಬಾವಿಯಿಂದ ನೀರು ಸೇದುವ ಹಾಗೆ ಎಳೆದು ಹಿಡಿ ಎಂದಳು. ಎಳೆದು ಹಿಡಿದೆ. ಬಲೆ ಬಿಗಿಯಾದ ಮೇಲೆ ಬದಿಗಳಿಗೆ ಮೊಳೆ ಬಿತ್ತು. ಹೆಚ್ಚಿನದನ್ನು ಬೀಡಿ ಎಲೆಯ ಹಳೆ ಕತ್ತರಿಯಲ್ಲಿ ಕತ್ತರಿಸಿ, ಉಳಿದ ತಂತಿಯ ತುದಿಗಳನ್ನು ಬೀಡಿಯ ಬಾಯಿ ಮಡಚುವಂತೆ ಉಗುರಿನಿಂದ ಒಂದೊಂದಾಗಿ ಒಳಕ್ಕೆ ಮಡಚಿದಳು.

ಆದರೆ ನಮ್ಮ ಮಳೆಗಾಲದೆದುರು ಕಬ್ಬಿಣದ ತಂತಿ ಎಷ್ಟು ಬಾಳೀತು? ಒಂದೆರಡು ಮಳೆ ಕಳೆಯುವಷ್ಟರಲ್ಲಿ ಮೂಲೆಗಳು ಉದುರತೊಡಗಿದವು. ಅಕ್ಕ ದಿನಾ ಬೆಳಿಗ್ಗೆ ದೇವರಿಗೆ ದೀಪ ಇಟ್ಟ ಮೇಲೆ ಬಲೆಯ ಮೇಲೆ ಅಂಗೈ ಆಡಿಸಿ ನೋಡುತ್ತಿದ್ದಳು. ಎಲ್ಲಾದರೂ ಸಡಿಲ ಕಂಡರೆ ಬೀಡಿಗೆ ಸುತ್ತುವ ಗುಲಾಬಿ ನೂಲನ್ನು ಮಡಚಿ ಸೂಜಿಗೆ ಪೋಣಿಸಿ ಹೊಲಿಯುತ್ತಿದ್ದಳು. ನಾನು ಹೊಲಿಗೆಯವಳು, ಬಟ್ಟೆ ಹರಿದರೆ ಅಂಚಿಗೆ ಅಂಚು ಕೂಡಿಸುವುದು ನನ್ನ ಅಭ್ಯಾಸ. ಅವಳು ಒಪ್ಪುತ್ತಿರಲಿಲ್ಲ. ಹರಿದ ಅಂಚಿಗೆ ಸೂಜಿ ಹಾಕಬಾರದು ಮಾರಾಯ್ತಿ, ಅದು ಇನ್ನಷ್ಟು ಹರಿಯುತ್ತದೆ, ದೂರ ಹೋಗಿ ಗಟ್ಟಿ ಇರುವಲ್ಲಿ ಹಿಡಿ ಎನ್ನುತ್ತಿದ್ದಳು. ರಸ್ತೆಗೆ ಕಾಣುತ್ತದಲ್ಲ, ಕಪ್ಪು ನೂಲು ಕೊಡಲೇ ಎಂದು ಕೇಳಿದೆ. ಕಾಣಲಿ ಎಂದೇ ಗುಲಾಬಿ ಹಾಕುವುದು ಎಂದು ನಕ್ಕಳು.

ಇತ್ತ ಕಿಟಕಿಯ ಕೆಳಗಿನ ಕಲ್ಲಿನ ರಾಶಿ ಕಾದು ಕೂತಿತ್ತು. ಅಣ್ಣ ಅದನ್ನು ಬೇರೆ ಯಾವ ಕೆಲಸಕ್ಕೂ ಮುಟ್ಟಗೊಡಲಿಲ್ಲ. ಆದರೆ ಕಲ್ಲಿಗೇನು ಗೊತ್ತು? ಸಂಜೆ ಕಂಪೆನಿಯ ಬೀಡಿ ಬ್ರಾಂಚಿಗೆ ಬೀಡಿ ಕೊಟ್ಟು ಎಲೆ ತರುತ್ತಿದ್ದ ಹೆಂಗಸರು ಅದರ ಮೇಲೆ ಕೂತು ದಣಿವಾರಿಸಿಕೊಳ್ಳತೊಡಗಿದರು. ಹೇಗೂ ಕೂತಾಯ್ತಲ್ಲ, ಎರಡು ಬೀಡಿ ಕಟ್ಟುವ ಎಂದು ತಡ್ಪೆಗಳೂ ಬಂದವು. ನಾನೂ ಹೆಮ್ಮಿಂಗ್ ಹಾಕುವ ಸೀರೆ ಹಿಡಿದು ಹೋಗುತ್ತಿದ್ದೆ. ಬಲೆಯ ಒಳಗೆ ಅಕ್ಕ, ಹೊರಗೆ ನಾವು. ಯಾರ ಮಗಳಿಗೆ ಗಂಡು ಬಂತು, ಬ್ರಾಂಚಿನವನು ಯಾರ ಬೀಡಿ ಸರಿಯಿಲ್ಲವೆಂದು ಬದಿಗೆ ಹಾಕಿದ... ಎಂಥ ನಗು ಇತ್ತು ಆ ಕಲ್ಲುಗಳ ಮೇಲೆ. ಕಿಟಕಿ ಮುಚ್ಚಲು ತಂದ ಕಲ್ಲು ಕಿಟಕಿಗೆ ಜಗಲಿಯಾಯಿತು.

ಅಣ್ಣನಿಗೆ ಇದನ್ನು ಸಹಿಸಲಾಗಲಿಲ್ಲ. ಒಂದು ಬೆಳಿಗ್ಗೆ ಅಕ್ಕ ಬೇಲಿಯ ಬಳಿ ನಿಂತು ನನ್ನನ್ನು ಕರೆದಳು. ಹೋಗಿ ನೋಡಿದರೆ ಬಲೆಯ ನಡುವೆ, ತುಕ್ಕೇ ಹಿಡಿಯದ ಕಡೆ, ಮೂರ್ನಾಲ್ಕು ದುಂಡು ತೂತುಗಳು. ತಂತಿಗಳೆಲ್ಲ ಒಳಕ್ಕೆ ಬಾಗಿದ್ದವು. ಯಾರೋ ಹೊರಗಿನಿಂದ ಚುಚ್ಚಿದ್ದರು, ಅದೂ ಕೊಡೆಯ ಮೊನೆಯಷ್ಟೇ ದಪ್ಪದ್ದರಲ್ಲಿ. ನನಗೆ ಸಿಟ್ಟು ನೆತ್ತಿಗೇರಿತು, ಈಗಲೇ ಹೋಗಿ ನಾಲ್ಕು ಜನರೆದುರು ಕೇಳುತ್ತೇನೆ ಎಂದು ಹೊರಟೆ. ಅಕ್ಕ ನನ್ನ ಕೈ ಹಿಡಿದು ಕೂರಿಸಿ ಸೂಜಿ ಕೊಟ್ಟಳು. ಜಗಳಕ್ಕೆ ಇಡೀ ದಿನ ಉಂಟು, ಮೊದಲು ಇದನ್ನು ಹೊಲಿಯುವ ಎಂದಳು. ಇಬ್ಬರೂ ಒಲೆಯ ಮೇಲಿದ್ದ ಗಂಜಿಯನ್ನೂ ಮರೆತು ಹೊಲಿದೆವು.

ಆ ಸಂಜೆ ಅಣ್ಣ ಮಡಂತ್ಯಾರಿನ ಮೇಸ್ತ್ರಿಯನ್ನು ಕರೆದುಕೊಂಡು ಬಂದರು. ಮೇಸ್ತ್ರಿಯ ಕೈಯಲ್ಲಿ ಕರಣೆ, ಗಾರೆಯ ಬುಟ್ಟಿ. ಕಲ್ಲುಗಳ ಮೇಲೆ ನಾವೆಲ್ಲ ಎಂದಿನ ಹಾಗೆ ಕೂತಿದ್ದೆವು. ಏಳಿ, ಕಲ್ಲು ಬೇಕು ಎಂದರು ಅಣ್ಣ. ಯಾರೂ ಏಳಲಿಲ್ಲ, ಯಾರ ಬೆರಳೂ ನಿಲ್ಲಲಿಲ್ಲ. ಯಾಕೆ ಎಂದು ಒಬ್ಬಳು ಕೇಳಿದಳು. ಬೆಳಿಗ್ಗೆ ನೆಟ್ ಹರಿದಿದೆ, ನಾನು ಆಡಿದ ಮಾತಿನ ಪ್ರಕಾರ ಕಿಟಕಿ ಮುಚ್ಚಬೇಕು ಎಂದರು ಅವರು. ಮೇಸ್ತ್ರಿ ಪಾಪ, ಒಳಗಿನ ಕತೆ ಗೊತ್ತಿಲ್ಲದವನು.

"ನೀವು ನಿನ್ನೆಯೇ ಹೇಳಿ ಕಳಿಸಿದ್ದಲ್ವಾ ಧಣಿ, ಕಿಟಕಿ ಮುಚ್ಚಲಿಕ್ಕೆ ಉಂಟು ಅಂತ?"

ಯಾರೋ ತಡ್ಪೆಯ ಮೇಲೆ ಬಗ್ಗಿ ನಗು ತಡೆಯಲು ನೋಡಿದರು, ಆಗಲಿಲ್ಲ. ನಗು ಒಬ್ಬರಿಂದ ಒಬ್ಬರಿಗೆ ದಾಟಿತು. ಬಲೆಯ ಹಿಂದಿನಿಂದ ಅಕ್ಕ ಮಾತ್ರ ನಗದೆ ಹೇಳಿದಳು:

"ಅಣ್ಣ, ಹತ್ತಿರ ಬಂದು ನೋಡು. ಎಲ್ಲಿ ತೂತು ಉಂಟು ತೋರಿಸು. ನಾಳೆ ಹರಿದ್ರೆ ನಾಳೆಯೂ ಹೊಲಿತೇನೆ. ನನ್ನ ಕೈ ಆಡುವವರೆಗೆ ಈ ಕಿಟಕಿ ಮುಚ್ಚುವುದಿಲ್ಲ."

ಅಣ್ಣ ಹತ್ತಿರ ಬರಲಿಲ್ಲ. ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಒಳಗೆ ಹೋದರು. ಮೇಸ್ತ್ರಿ ಸ್ವಲ್ಪ ಹೊತ್ತು ನಿಂತು, ಕೊನೆಗೆ ನಮ್ಮಲ್ಲೇ ಒಬ್ಬಳು ಕೊಟ್ಟ ವೀಳ್ಯದೆಲೆ ಬಾಯಿಗೆ ಹಾಕಿಕೊಂಡು ಬಸ್ಸಿಗೆ ಹೊರಟ.

ಆಮೇಲೆ ಅವಳು ಬದುಕಿದ್ದಷ್ಟು ಕಾಲ ಆ ಕಿಟಕಿಯ ತಂಟೆಗೆ ಯಾರೂ ಬರಲಿಲ್ಲ. ಬಲೆಯನ್ನು ಎರಡು ಸಲ ಬದಲಿಸಿದೆವು, ಕೊನೆಯ ಸಲ ನನ್ನ ಮಗಳೂ ಕೋಲು ಹಿಡಿದಿದ್ದಳು. ಅಷ್ಟರಲ್ಲಿ ಎರಡು ಸಾವಿರ ಇಸವಿ ದಾಟಿತ್ತು, ಅಕ್ಕನ ಕೆಮ್ಮು ಹೆಚ್ಚಿತ್ತು. ಹೊಗೆಸೊಪ್ಪಿನ ಪುಡಿ ಯಾರನ್ನೂ ಸುಮ್ಮನೆ ಬಿಡುವುದಿಲ್ಲ. ಆಸ್ಪತ್ರೆಯಲ್ಲಿ ನೋಡಲು ಹೋದಾಗ ನನ್ನ ಆರೋಗ್ಯ ಕೇಳಲಿಲ್ಲ, ತನ್ನದನ್ನೂ ಹೇಳಲಿಲ್ಲ. ಬಲೆ ಹೇಗುಂಟು ಎಂದು ಕೇಳಿದಳು. ಗಟ್ಟಿ ಉಂಟು ಎಂದೆ. ಅವಳು ಇಲ್ಲದ ಅಷ್ಟೂ ದಿನ ಬೆಳಿಗ್ಗೆ ಹೋಗಿ ಅಂಗೈ ಆಡಿಸಿ ನೋಡಿ ಬರುತ್ತಿದ್ದವಳು ನಾನೇ. ಅವಳು ಕಣ್ಣು ಮುಚ್ಚಿ ತಲೆಯಾಡಿಸಿದಳು... ಅದಾದ ಮೇಲೆ ನಾನು ಅವಳನ್ನು ಜೀವಂತ ನೋಡಲಿಲ್ಲ.

ಉತ್ತರಕ್ರಿಯೆ ಮುಗಿದ ವಾರದಲ್ಲೇ ಅಣ್ಣ ಕಿಟಕಿ ಮುಚ್ಚಿಸಿದರು. ಅವೇ ಕಲ್ಲುಗಳು, ಒಂದು ಮೈಯಲ್ಲಿ ಪಾಚಿ, ಇನ್ನೊಂದು ಮೈಯಲ್ಲಿ ನಾವೆಲ್ಲ ಕೂತು ಕೂತು ನಯವಾದ ಗುರುತು. ಈ ಸಲ ಏಳಿ ಎಂದು ಯಾರಿಗೂ ಹೇಳಬೇಕಾಗಲಿಲ್ಲ. ಅವಳಿಲ್ಲದ ಕಿಟಕಿಯ ಕೆಳಗೆ ಯಾರು ಕೂರುತ್ತಾರೆ? ಕೆಲಸದವರು ಪಟ್ಟಿ ಕಿತ್ತು ಬಲೆಯನ್ನು ಅಂಗಳಕ್ಕೆ ಎಸೆದರು. ನಾನು ಹೋಗಿ ಅದನ್ನು ಬಿಸಿಲಿಗೆ ಹಿಡಿದು ಮೇಲಿನಿಂದ ಕೆಳಗಿನವರೆಗೆ ನೋಡಿದೆ. ಗುಲಾಬಿ ಹೊಲಿಗೆಗಳಿದ್ದವು. ತೂತು ಒಂದೂ ಇರಲಿಲ್ಲ. ಮಾತಿಗೆ ತಪ್ಪದ ಮನುಷ್ಯ ಕಿಟಕಿ ಮುಚ್ಚಿಸಿದ ದಿನ ಬಲೆ ಎಲ್ಲೂ ಹರಿದಿರಲಿಲ್ಲ. ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಅವರೆದುರೇ ಹಾದುಬಂದೆ. ಅದು ಯಾಕೆ ನಿಮಗೆ ಎಂದು ಕೇಳಿದರು. ನಮ್ಮ ಮನೆಯಲ್ಲಿ ಕಿಟಕಿ ತೆರೆದಿಡುತ್ತೇವೆ, ಅದಕ್ಕೆ ಎಂದೆ.

ಮೂಡಬಿದ್ರೆಯಲ್ಲಿ ಸ್ವಂತ ಮನೆ ಕಟ್ಟಿದಾಗ ಅಡುಗೆಮನೆಯ ಕಿಟಕಿಗೆ ಮೊದಲು ಹೊಡೆದದ್ದು ಆ ಬಲೆಯನ್ನೇ. ಮನೆಯವರು ಗೊಣಗಿದರು, ನೆಂಟರು ನಕ್ಕರು. ಸಡಿಲವಾದಲ್ಲೆಲ್ಲ ನಾನು ನೂಲು ಹಾಕುತ್ತಾ ಬಂದೆ. ಅಣ್ಣ ಈಗಿಲ್ಲ. ಸತ್ತವರ ಬಗ್ಗೆ ಕೆಟ್ಟದು ಆಡಬಾರದು ಎನ್ನುತ್ತಾರೆ. ನಾನು ಕೆಟ್ಟದ್ದೇನೂ ಆಡುತ್ತಿಲ್ಲ, ಆದದ್ದನ್ನು ಹೇಳುತ್ತಿದ್ದೇನೆ, ಮತ್ತು ನನ್ನ ಸಿಟ್ಟು ಇನ್ನೂ ಆರಿಲ್ಲ.

ಮೊನ್ನೆ ಪಟ್ಟಿ ಕಿತ್ತಾಗ ಬಲೆ ನಿಲ್ಲಲಿಲ್ಲ. ನೂಲು ಹಿಡಿಯುವಷ್ಟು ಗಟ್ಟಿ ಇದ್ದ ಜಾಗವೇ ಉಳಿದಿರಲಿಲ್ಲ, ತಂತಿಯೆಲ್ಲ ಪುಡಿಯಾಗಿ ನೆಲಕ್ಕುದುರಿತು. ಅವಳು ಸೋಲಲಿಲ್ಲ ಎನ್ನುವುದಕ್ಕೆ ನನ್ನ ಹತ್ತಿರ ಇದ್ದ ಸಾಕ್ಷಿ ಅದೊಂದೇ. ಗುಡಿಸಿ ಮೊರಕ್ಕೆ ತುಂಬುವಾಗ ಅಳು ಬಂತು, ನೆಟ್ ಹಾಕಲು ಬಂದ ಆ ಹುಡುಗನೆದುರು ತಡೆದುಕೊಳ್ಳಲಿಲ್ಲ. ಅವನು ಏನೂ ಕೇಳದೆ ಹೊಸ ನೆಟ್ಟಿನ ಮೇಲಿನ ಅಂಚಿಗೆ ಮೊಳೆ ಹೊಡೆದ. ಕೆಳಗಿನ ಅಂಚನ್ನು ನಾನೇ ಕೋಲಿಗೆ ಸುತ್ತಿ ಎಳೆದು ಹಿಡಿದೆ. ಇದು ತುಕ್ಕು ಹಿಡಿಯುವುದಿಲ್ಲ, ಒಂದು ವೇಳೆ ಹರಿದರೆ ಫೋನ್ ಮಾಡಿ, ಬಂದು ಹೊಸತು ಹಾಕುತ್ತೇನೆ ಎಂದ.

"ಬೇಡ ಮಾರಾಯ," ಎಂದೆ. "ಹರಿದ್ರೆ ನಾನೇ ಹೊಲಿತೇನೆ."