ತೊಳೆದ ಕೈಗೆ ಕತ್ತರಿ ಕೊಡಬಾರದು

ಹಿತ್ತಾಳೆಯನ್ನು ಅರದಿಂದ ಉಜ್ಜಿದಾಗ ಉದುರುವ ಪುಡಿ ಒಮ್ಮೆ ಕೈಗೆ ಹತ್ತಿತೆಂದರೆ ಸೋಪಿಗೆಲ್ಲ ಜಗ್ಗುವುದಿಲ್ಲ. ಉಗುರಿನ ಸಂದಿಯಲ್ಲಿ ಬಿಡಾರ ಹೂಡಿ, ಊಟಕ್ಕೆ ಕೂತಾಗ ಅನ್ನಕ್ಕೂ ಹಳೇ ನಾಣ್ಯದ ವಾಸನೆ ಅಂಟಿಸುತ್ತದೆ. ತಮಿಳು ಸೀಮೆಯ ದಿಂಡಿಗಲ್ಲಿನಲ್ಲಿ ಬೀಗ ಮಾಡುವ ಸಣ್ಣ ಕಾರ್ಖಾನೆಗೆ ಪಟ್ಟರೆ ಎನ್ನುತ್ತಾರೆ. ನಾನು ಕೆಲಸ ಮಾಡುವ ಪಟ್ಟರೆಯ ಹಿಂದಿನ ನಲ್ಲಿಯ ಪಕ್ಕ ತೆಂಗಿನ ಚಿಪ್ಪಿನಲ್ಲಿ ನೆನೆಹಾಕಿದ ಹುಣಸೆಹಣ್ಣು ಸದಾ ಇರುತ್ತದೆ. ಹಿತ್ತಾಳೆಗೆ ಅದೇ ಮದ್ದು. ಹೋದ ವಾರ ಒಂದು ಸಂಜೆ ಅದನ್ನು ಅಂಗೈಗೆ ತಿಕ್ಕಿಕೊಳ್ಳುತ್ತಿದ್ದೆ. ಹುಳಿ ವಾಸನೆ ಮೂಗಿಗೆ ಏರುವುದಕ್ಕೂ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಎರಡೂ ಒಟ್ಟಿಗೆ ಬಾರದೆ ಹೋಗಿದ್ದರೆ ನಾನು ಇಷ್ಟು ಹೊತ್ತಿಗೆ ಪದವೀಧರೆಯಾಗಿರುತ್ತಿದ್ದೆ.

ನಾನು ವಿನ್ಯಾಸದ ಸ್ನಾತಕೋತ್ತರ ವಿದ್ಯಾರ್ಥಿನಿ. ಇದನ್ನು ಬೆಟ್ಟಗಳ ನಡುವಿನ ಕಣಿವೆಯಲ್ಲಿರುವ ನಮ್ಮೂರು ಕಾಮಯಗೌಂಡನ್‌ಪಟ್ಟಿಯಲ್ಲಿ ಹೇಳಿಕೊಂಡು ನಾನು ಪಟ್ಟ ಪಾಡು ನನಗೇ ಗೊತ್ತು. ಡಿಸೈನು ಅಂದ ಕೂಡಲೇ ಬೀದಿಯ ಹೆಂಗಸರು ಬ್ಲೌಸಿನ ಬಟ್ಟೆ ಹಿಡಿದುಕೊಂಡು ಬಂದರು. ಬ್ಲೌಸಲ್ಲ, ವಸ್ತುಗಳು, ಕುರ್ಚಿ, ಲೋಟ, ಬೀಗ ಅಂತ ವಿವರಿಸಿದೆ. ಅವೆಲ್ಲ ಆಗಲೇ ಇವೆಯಲ್ಲ ಎಂದು ಕೇಳಿ ಮನೆಗೆ ಹೋದರು. ಆದರೂ ಪದವಿಯ ಕೊನೆಯ ಕೆಲಸಕ್ಕೆ ನಾನು ಆರಿಸಿಕೊಂಡದ್ದು ಬೀಗವನ್ನೇ. ಸರಿಯಾಗಿ ಹೇಳಬೇಕೆಂದರೆ ಕೀಲಿಕೈ. ವಯಸ್ಸಾಗಿ ಬೆರಳು ಬಿಗಿದುಕೊಂಡವರಿಗೆ ಸಣ್ಣ ತಲೆಯ ಕೀಲಿಕೈ ತಿರುಗಿಸಲು ಆಗುವುದಿಲ್ಲ. ತಲೆ ಅಗಲವಾಗಿ, ಅಂಚು ನುಣ್ಣಗೆ, ಅಂಗೈಯಿಂದಲೇ ಒತ್ತಿ ತಿರುಗಿಸುವಂಥದ್ದನ್ನು ಮಾಡಬೇಕೆಂದು ಹೊರಟಿದ್ದೆ. ಪಟ್ಟರೆಯ ಯಜಮಾನರೂ ಅವರ ಹೆಂಡತಿಯೂ ನನ್ನ ಜೊತೆ ಕೂತು ಹಲವು ಸಲ ಎರಕ ಹೊಯ್ದು, ಅರ ಹಾಕಿ, ಕೊನೆಗೂ ಒಂದು ರೂಪಕ್ಕೆ ತಂದಿದ್ದರು. ಮಾರನೆಯ ದಿನ ಬೆಳಿಗ್ಗೆ ಅಂತಿಮ ಪರೀಕ್ಷೆ, ಮಾಡಿದ್ದನ್ನು ಪರೀಕ್ಷಕರಿಗೆ ತೋರಿಸಿ ವಿವರಿಸುವುದು. ನಾನು ನೆಮ್ಮದಿಯಾಗಿ ಕೈ ತೊಳೆಯುತ್ತಿದ್ದೆ.

ಫೋನು ಮಾಡಿದವರು ನನ್ನ ಮಾರ್ಗದರ್ಶಕರು. ಒಳ್ಳೆಯ ಮನುಷ್ಯ, ದೂರದ ಊರಿನಲ್ಲಿ ಕೂತು ನನ್ನ ಕೀಲಿಕೈಯ ಚಿತ್ರಗಳನ್ನು ದಿನವೂ ನೋಡುತ್ತಿದ್ದವರು. ಎಲ್ಲ ಸರಿ, ಆದರೆ ಇದರಲ್ಲಿ ನೀನು ಎಲ್ಲಿದ್ದೀಯ ಎಂದು ಕೇಳಿದರು. ಕೀಲಿಕೈಯಲ್ಲಿ ನಾನೇಕೆ ಇರಬೇಕೆಂದು ನನಗೆ ಹೊಳೆಯಲಿಲ್ಲ. ನಿನ್ನ ನೆಲದ ಕಥೆ ಇದರಲ್ಲಿ ಕಾಣಬೇಕು, ಹಿಂದಿನ ಪರೀಕ್ಷೆಯಲ್ಲಿ ನಿನ್ನ ಅತ್ತೆಯ ಬಗ್ಗೆ, ನಿಮ್ಮ ದ್ರಾಕ್ಷಿತೋಟದ ಬಗ್ಗೆ ಎಷ್ಟು ಚೆನ್ನಾಗಿ ಹೇಳಿದ್ದೆ, ಆ ಬಳ್ಳಿಯನ್ನು ಕೀಲಿಕೈಯ ತಲೆಗೆ ಹಬ್ಬಿಸು, ಬೆಳಗಾಗುವಷ್ಟರಲ್ಲಿ ಹೊಸ ಮಾದರಿ ಸಿದ್ಧವಾಗಲಿ ಎಂದರು. ಇಲ್ಲದಿದ್ದರೆ ಪಾಸಾಗುವುದು ಕಷ್ಟ ಎಂಬುದನ್ನೂ ಮೃದುವಾಗಿಯೇ ಹೇಳಿದರು. ನಿನ್ನಲ್ಲಿ ಆ ಹುಚ್ಚು ಇದೆಯೋ ಇಲ್ಲವೋ ನಾಳೆ ಗೊತ್ತಾಗುತ್ತದೆ ಎಂದು ಫೋನಿಟ್ಟರು.

ಹುಚ್ಚು ಎನ್ನುವುದು ನಮ್ಮ ಕಾಲೇಜಿನಲ್ಲಿ ಬಿರುದು. ನಿದ್ದೆಗೆಟ್ಟವರಿಗೆ, ಊಟ ಮರೆತವರಿಗೆ, ಅಕ್ಕನ ಮದುವೆಗೆ ಹೋಗಿ ತಾಳಿ ಕಟ್ಟುವ ಹೊತ್ತಿಗೆ ಲ್ಯಾಪ್‌ಟಾಪು ಬಿಚ್ಚಿದವರಿಗೆ ಅದು ಸಲ್ಲುತ್ತದೆ. ನನಗೂ ಕೆಲವು ಸಲ ಸಿಕ್ಕಿದೆ, ಸುಳ್ಳೇಕೆ ಹೇಳಲಿ, ಸಿಕ್ಕಾಗ ಬೀಗಿದ್ದೇನೆ. ನಡುನಡುವೆ ಯಾರನ್ನಾದರೂ ಕರೆಸಿ ಬದುಕು ಮತ್ತು ಕೆಲಸದ ಸಮತೋಲನದ ಬಗ್ಗೆ ಭಾಷಣವನ್ನೂ ಮಾಡಿಸುತ್ತಾರೆ. ಚೆನ್ನಾಗಿ ವಿಶ್ರಾಂತಿ ತೆಗೆದುಕೊಂಡರೆ ಇನ್ನೂ ಚೆನ್ನಾಗಿ ಕೆಲಸ ಮಾಡಬಹುದು ಎಂಬುದೇ ಅದರ ಸಾರ. ಎತ್ತಿಗೆ ಹಿಂಡಿ ಇಡುವವರೂ ಇದನ್ನೇ ಹೇಳುತ್ತಾರೆ. ಆ ಭಾಷಣಗಳ ದಿನ ಹಾಜರಿ ಕಡ್ಡಾಯ, ಆದ್ದರಿಂದ ಉಳಿದ ಕೆಲಸ ಭಾನುವಾರಕ್ಕೆ ಬೀಳುತ್ತದೆ.

ಈಗ ಅತ್ತೆಯ ವಿಷಯಕ್ಕೆ ಬರುತ್ತೇನೆ. ನಾಗಮ್ಮತ್ತೆ ನಮ್ಮಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯ ಹಿಂದಿನ ಬೀದಿಗೇ ಬಂದು ನೆಲೆಸಿದವಳು. ನಮ್ಮ ತೋಟದಲ್ಲಿ ದ್ರಾಕ್ಷಿ ಬಿಡಿಸುವ ಹೆಂಗಸರಿಗೆಲ್ಲ ಅವಳೇ ಮುಂದಾಳು. ಪನ್ನೀರು ಎಂಬ ನಮ್ಮ ಕಡೆಯ ಕಪ್ಪು ದ್ರಾಕ್ಷಿ ಬಿಡಿಸುವುದನ್ನು ನೀವು ನೋಡಿರಲಿಕ್ಕಿಲ್ಲ. ಕಲ್ಲುಕಂಬಗಳ ಮೇಲೆ ತಂತಿಯ ಚಪ್ಪರ, ಚಪ್ಪರದ ಕೆಳಗೆ ಜೋತುಬಿದ್ದ ಗೊಂಚಲು. ಬೆಳಕು ಹರಿಯುವ ಮೊದಲೇ ಒಳಗೆ ನುಗ್ಗಿ ಕತ್ತೆತ್ತಿ, ಕೈಯೆತ್ತಿ, ಹೂ ಮಾಸದ ಹಾಗೆ ಒಂದೊಂದೇ ತೊಟ್ಟನ್ನು ಕತ್ತರಿಸಬೇಕು. ಹೂ ಅಂದರೆ ಹಣ್ಣಿನ ಮೇಲೆ ಬೂದಿಯ ಹಾಗಿರುವ ಆ ತೆಳು ಪುಡಿ. ಅದು ಅಳಿಸಿದರೆ ವ್ಯಾಪಾರಿ ಮುಖ ತಿರುಗಿಸುತ್ತಾನೆ. ಶಾಲೆಗೆ ರಜೆ ಇದ್ದಾಗ ನಾನೂ ಹೋಗುತ್ತಿದ್ದೆ. ಒಂದು ಸಾಲು ಮುಗಿಯುವುದರೊಳಗೆ ನನ್ನ ಕತ್ತು ನನ್ನದಲ್ಲ ಅನ್ನಿಸುತ್ತಿತ್ತು. ಬಿಡಿಸಿದ್ದಕ್ಕಿಂತ ತಿಂದದ್ದೇ ಹೆಚ್ಚು ಎಂದು ಹೆಂಗಸರು ಛೇಡಿಸುತ್ತಿದ್ದರು.

ಮಧ್ಯಾಹ್ನ ಒಂದು ಹೊತ್ತಿಗೆ ಅತ್ತೆ ಕತ್ತರಿಯನ್ನು ಸೊಂಟದಿಂದ ತೆಗೆದು ಬುಟ್ಟಿಗೆ ಹಾಕುತ್ತಿದ್ದಳು. ಕಾಲುವೆಯ ಬದಿಗೆ ಹೋಗಿ ಹುಣಸೆಹಣ್ಣು ತಿಕ್ಕಿ ದ್ರಾಕ್ಷಿಯ ಕಲೆ ತೊಳೆದುಕೊಳ್ಳುತ್ತಿದ್ದಳು. ಉಳಿದವರೂ ಹಿಂದೆಯೇ ಹೋಗುತ್ತಿದ್ದರು. ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು. ತೊಳೆದ ಕೈಗೆ ಮತ್ತೆ ಕತ್ತರಿ ಕೊಡಬಾರದು, ಕೊಟ್ಟರೆ ಬಳ್ಳಿ ಮುನಿಸಿಕೊಳ್ಳುತ್ತದೆ, ಮುಂದಿನ ಬೆಳೆಗೆ ಕಾಯಿ ಕಟ್ಟುವುದಿಲ್ಲ. ಇದು ತೋಟದ ನೇಮ. ನಮ್ಮ ತಾತ ಅದನ್ನು ನಂಬಿದ್ದರು, ಅಪ್ಪನೂ ನಂಬಿದ್ದ, ನಾನಂತೂ ಬಳ್ಳಿಯ ಮುನಿಸನ್ನು ಕಣ್ಣಾರೆ ಕಂಡವಳ ಹಾಗೆ ಗೆಳತಿಯರಿಗೆ ಹೇಳುತ್ತಿದ್ದೆ. ಕೈ ತೊಳೆದ ಹೆಂಗಸರು ಕಾಲುವೆಯ ಬದಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದರು. ಎಲೆಯಡಿಕೆ ಹಾಕಿಕೊಂಡು ಊರಿನ ಸಮಾಚಾರವನ್ನೆಲ್ಲ ಒಂದೊಂದಾಗಿ ಬಿಡಿಸುತ್ತಿದ್ದರು. ಅಷ್ಟು ಸುಖವಾಗಿ ಕೂತ ಹೆಂಗಸರನ್ನು ನಾನು ಆಮೇಲೆ ಎಲ್ಲಿಯೂ ನೋಡಿಲ್ಲ.

ಒಂದು ವರ್ಷ ಕೊಯ್ಲಿನ ನಡುವೆ ಬೆಟ್ಟದ ಕಡೆಯಿಂದ ಮೋಡ ಕವಿಯಿತು. ಮಾಗಿದ ದ್ರಾಕ್ಷಿಗೆ ಮಳೆ ಬಿದ್ದರೆ ಸಿಪ್ಪೆ ಬಿರಿಯುತ್ತದೆ, ಬಿರಿದ ಹಣ್ಣನ್ನು ಕೇಳುವವರಿಲ್ಲ. ವ್ಯಾಪಾರಿಯ ಲಾರಿ ದಾರಿಯಲ್ಲೇ ನಿಂತಿತ್ತು, ಇನ್ನೂ ಪೆಟ್ಟಿಗೆಗಳಿಗೆ ಜಾಗವಿತ್ತು. ಆದರೆ ಹೆಂಗಸರು ಆಗಷ್ಟೇ ಕೈ ತೊಳೆದು ಕೂತಿದ್ದರು. ಅಪ್ಪ ಲುಂಗಿ ಎತ್ತಿ ಕಟ್ಟಿಕೊಂಡು ಓಡಿ ಬಂದ.

“ಅಕ್ಕಾ, ಪಡುವಲ ಕಡೆ ಸಾಲು ಮಾತ್ರ. ಮಳೆ ಬತ್ತಾದೆ, ಯಾವಾರಿ ನಿಂತವ್ನೆ.”

ಅತ್ತೆ ಮೋಡವನ್ನು ನೋಡಿದಳು, ಸಾಲನ್ನು ನೋಡಿದಳು. “ಕೈ ತೊಳ್ಕಂಡಾಯ್ತು ತಂಬಿ. ಬಳ್ಳಿ ಮುನಿಸ್ಕತದೆ.”

ಅಪ್ಪ ಒಬ್ಬನೇ ಕತ್ತರಿ ಹಿಡಿದು ಒಳಗೆ ಹೋದ. ಅವನು ಎಷ್ಟು ಬಿಡಿಸಿಯಾನು? ಮಳೆ ಬಂತು. ಪಡುವಲ ಸಾಲೆಲ್ಲ ಬಿರಿದು, ಮಾರನೆಯ ದಿನಕ್ಕೆ ನೊಣಗಳ ಪಾಲಾಯಿತು. ಅಪ್ಪ ಅತ್ತೆಯ ಜೊತೆ ಬಹಳ ದಿನ ಮಾತಾಡಲಿಲ್ಲ. ಆದರೆ ನೇಮವನ್ನು ಮಾತ್ರ ಯಾರೂ ಬೈಯಲಿಲ್ಲ. ಬಳ್ಳಿಯನ್ನು ಬೈಯಲು ಧೈರ್ಯ ಬೇಕಲ್ಲ.

ಹಿಂದಿನ ಪರೀಕ್ಷೆಯಲ್ಲಿ ನಾನು ಈ ಕಥೆಯನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಶತಮಾನಗಳ ಹಿಂದೆ ಕನ್ನಡ ನಾಡಿನಿಂದ ವಲಸೆ ಬಂದ ಜನ, ಅವರ ಪುರಾತನ ಜ್ಞಾನ, ಶ್ರಮಕ್ಕೂ ವಿಶ್ರಾಂತಿಗೂ ಅವರು ಕಂಡುಕೊಂಡ ಪವಿತ್ರ ಗಡಿ ಎಂದೆಲ್ಲ ಚಿತ್ರ ತೋರಿಸುತ್ತಾ ಹೇಳಿದ್ದೆ. ಕನ್ನಡ ಅಕ್ಷರಗಳನ್ನು ಹಾಸ್ಟೆಲಿನಲ್ಲಿ ಗೆಳತಿಯಿಂದ ಕಲಿತವಳು ನಾನು. ಮನೆಯಲ್ಲಿ ನಾವು ಆಡುವ ತಮಿಳು ಬೆರೆತ ಕನ್ನಡ ಕೇಳಿ ಆ ಗೆಳತಿ ನಕ್ಕದ್ದಕ್ಕೆ ಸೇಡು ತೀರಿಸಿಕೊಳ್ಳುವವಳ ಹಾಗೆ ಪೂರ್ವಜರನ್ನು ಹೊಗಳಿದ್ದೆ. ಅದರ ಫಲವಾಗಿಯೇ ಈಗ ಬಳ್ಳಿ ಬಂದು ನನ್ನ ಕೀಲಿಕೈಗೆ ಸುತ್ತಿಕೊಳ್ಳಲು ಹೊರಟಿತ್ತು. ನುಣ್ಣಗೆ ಉಜ್ಜಿದ ತಲೆಯ ಮೇಲೆ ಎಲೆಯೂ ಕುಡಿಯೂ ಎದ್ದು ನಿಂತರೆ ನೋಯುವ ಬೆರಳಿಗೆ ಚುಚ್ಚುತ್ತದೆ ಎಂಬುದು ಯಾರಿಗೂ ಬೇಕಿರಲಿಲ್ಲ.

ಯಜಮಾನರು ಪಟ್ಟರೆಗೆ ಬೀಗ ಹಾಕುತ್ತಿದ್ದರು. ನಾನು ಕೇಳಿದ್ದರೆ ಮತ್ತೆ ತೆರೆಯುತ್ತಿದ್ದರು. ಅವರ ಹೆಂಡತಿ ಎರಕದ ಒಲೆಯನ್ನು ಮತ್ತೆ ಹೊತ್ತಿಸುತ್ತಿದ್ದರು, ಇಬ್ಬರೂ ಬೆಳಗಿನವರೆಗೆ ನನ್ನ ಜೊತೆ ಬೇಯುತ್ತಿದ್ದರು. ನನ್ನ ಹುಚ್ಚಿಗೆ ಅವರ ಮೈ. ನಾನು ಕೇಳಲಿಲ್ಲ, ಆದರೆ ಕೇಳುವುದಿಲ್ಲ ಎಂದು ನಿರ್ಧರಿಸಿಯೂ ಇರಲಿಲ್ಲ. ಬೀದಿಯ ಮೂಲೆಯಲ್ಲಿ ನಿಂತು ಅತ್ತೆಗೆ ಫೋನು ಮಾಡಿದೆ. ನೇಮವನ್ನು ಅವಳ ಬಾಯಿಂದ ಇನ್ನೊಮ್ಮೆ ಕೇಳಿದರೆ ಬಲ ಬಂದೀತು ಎಂಬ ಆಸೆ.

ತಿಂದೆಯಾ ಕಣ್ಣು ಎಂದು ಕೇಳಿದಳು, ಮುದ್ದಿಗೆ ನನ್ನನ್ನು ಕಣ್ಣು ಎಂದೇ ಕರೆಯುತ್ತಾಳೆ. ನಾನು ಎಲ್ಲವನ್ನೂ ಹೇಳಿದೆ. ಕೈ ತೊಳೆದಾಗಿದೆ ಅತ್ತೆ, ಇನ್ನು ಅರ ಹಿಡಿದರೆ ನಮ್ಮ ನೇಮ ಮುರಿದಂತೆ ಅಲ್ಲವೇ ಎಂದೆ. ಅವಳು ನಗತೊಡಗಿದಳು. ಕೆಮ್ಮು ಬರುವ ತನಕ ನಕ್ಕಳು.

“ಬಳ್ಳಿಗೇನ್ ಮುನಿಸು ಕಣ್ಣು? ನಾವ್ ಹೆಂಗಸ್ರೇ ಕಾಲ್ವೆ ತಾವ ಕೂತು ಕಟ್ಟಿದ ಮಾತದು. ನಮ್ಮಪ್ಪ, ನಿಮ್ ತಾತ, ಹೊತ್ತು ಮುಳುಗೋ ಗಂಟ ಬಿಡ್ತಿರ್ಲಿಲ್ಲ. ಕತ್ತು ನೋಯ್ತದೆ ಅಂದ್ರೆ ಕೇಳ್ತಿರ್ಲಿಲ್ಲ. ಸಾಮಿ ಗುತ್ತ, ದ್ಯಾವ್ರಿಗೆ ಆಗಾಕಿಲ್ಲ ಅಂದ್ರೆ ಕೇಳ್ತಿದ್ರು.”

ನನಗೆ ಮೊದಲು ಬಂದದ್ದು ಸಿಟ್ಟು. ಅಷ್ಟು ಜನರ ಎದುರು ನಾನು ಹೊಗಳಿದ ಪುರಾತನ ಜ್ಞಾನ ಎಲೆಯಡಿಕೆ ಉಗುಳುತ್ತಾ ಹೊಸೆದ ಸುಳ್ಳಾಗಿತ್ತು. ಸ್ವಲ್ಪ ಯೋಚಿಸಿದ್ದರೆ ನನಗೇ ತಿಳಿಯಬೇಕಿತ್ತು. ನಮ್ಮವರು ಕಣಿವೆಗೆ ಬಂದು ಶತಮಾನಗಳಾಗಿರಬಹುದು, ನಮ್ಮ ತೋಟಕ್ಕೆ ದ್ರಾಕ್ಷಿ ಬಂದದ್ದು ತಾತನ ಕಾಲದಲ್ಲಿ. ಪೂರ್ವಜರಿಗೆ ಮುನಿಸಿಕೊಳ್ಳಲು ಬಳ್ಳಿಯೇ ಇರಲಿಲ್ಲ. ಹಾಗಾದರೆ ಆ ಮಳೆಯ ದಿನ? ಹಣ್ಣೆಲ್ಲ ಕಣ್ಣೆದುರೇ ಹಾಳಾಯಿತಲ್ಲ, ಸುಳ್ಳೆಂದು ಗೊತ್ತಿದ್ದೂ ನೀನು ಹೇಗೆ ಕೂತಿದ್ದೆ ಎಂದು ಸ್ವಲ್ಪ ಒರಟಾಗಿಯೇ ಕೇಳಿದೆ.

ಅವಳ ನಗು ನಿಂತಿತು. “ಹೊಟ್ಟೆ ಉರೀತು. ನಮ್ಮ ಹಣ್ಣೇ ತಾನೆ? ಆದ್ರೆ ಅವತ್ತು ನಾನ್ ಮುಟ್ಟಿದ್ರೆ, ಮಾರ್ನೇ ದಿನದಿಂದ ಎಲ್ಲಾ ಹೆಂಗಸ್ರ ತೊಳ್ದ ಕೈಗೂ ಕತ್ರಿ ಕೊಟ್ಟಿರೋರು.” ಆಮೇಲೆ ಅಂದಳು, “ನೀನ್ ಬಳ್ಳಿ ಹೆಸ್ರು ಹೇಳ್ಬೇಡ ಕಣ್ಣು. ನಮ್ಗಾಗ ತೈರ್ಯ ಇರ್ಲಿಲ್ಲ, ಅದ್ಕೇ ಬಳ್ಳೀನ ಮುಂದೆ ನಿಲ್ಸಿದ್ವಿ. ನೀನು ಪಡಿಚವ್ಳು. ನಿಂಗ್ ಸಾಕಾದ್ರೆ ಸಾಕು ಅಂತ ನೀನೇ ಹೇಳು.”

ಓದಿದವಳು ಎಂಬ ಆ ಮಾತು ನನಗೆ ಚೆನ್ನಾಗಿಯೇ ತಾಗಿತು. ಇಷ್ಟು ಓದಿಯೂ ನಾನು ಬೀದಿಯ ಮೂಲೆಯಲ್ಲಿ ನಿಂತು ಒಂದು ಬಳ್ಳಿಯ ಶಿಫಾರಸು ಹುಡುಕುತ್ತಿದ್ದೆ.

ಆ ಸಂಜೆ ನಾನು ಏನು ಮಾಡಿದೆ ಎಂದು ಕೇಳುತ್ತೀರಾ? ಏನೂ ಮಾಡಲಿಲ್ಲ. ಪರೋಟ ತಿಂದೆ, ಒಗೆದ ಬಟ್ಟೆ ಮಡಚಿದೆ, ರೈಲ್ವೆ ಸೇತುವೆಯ ಮೇಲೆ ನಿಂತು ಗೂಡ್ಸು ಗಾಡಿಯೊಂದು ಹಿಂದೆ ಮುಂದೆ ಹೋಗುವುದನ್ನು ನೋಡಿದೆ. ಹೊಸ ಯೋಚನೆಯೇನೂ ಹೊಳೆಯಲಿಲ್ಲ. ಹೊಳೆಯಲಿ ಎಂದು ಹೋದದ್ದೂ ಅಲ್ಲ. ಮಾರನೆಯ ದಿನ ಹೆಚ್ಚು ದುಡಿಯಲಿಕ್ಕೆಂದು ಇವತ್ತು ಸುಧಾರಿಸಿಕೊಳ್ಳುವುದಾದರೆ ಅದೂ ದುಡಿಮೆಯೇ. ನನ್ನ ಸಂಜೆ ಯಾವುದಕ್ಕೂ ಉಪಯೋಗಕ್ಕೆ ಬರಬೇಕಾಗಿಲ್ಲ. ಅದು ನನ್ನದು, ಅಷ್ಟು ಸಾಕು.

ಬೆಳಿಗ್ಗೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಪರೀಕ್ಷಕರು ಸಾಲಾಗಿ ಮೂಡಿದರು. ನನ್ನ ಕೀಲಿಕೈಯನ್ನು ತೋರಿಸಿದೆ, ತಿರುಗಿಸಿದೆ. ಬಳ್ಳಿ ಎಲ್ಲಿ ಎಂದು ಮಾರ್ಗದರ್ಶಕರು ಕೇಳಿದರು. ಬೆರಳಿಗೆ ಚುಚ್ಚುತ್ತದೆ, ಆದ್ದರಿಂದ ಬೇಡ ಎಂದೆ. ಬೇರೇನಾದರೂ ಮಾಡಬಹುದಿತ್ತಲ್ಲ, ಸಮಯ ಸಾಲಲಿಲ್ಲವೇ ಎಂದು ಇನ್ನೊಬ್ಬರು ದಾರಿ ಮಾಡಿಕೊಟ್ಟರು. ಹೌದು ಎಂದು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಜ್ವರ ಎನ್ನಬಹುದಿತ್ತು, ಕರೆಂಟು ಹೋಯಿತೆನ್ನಬಹುದಿತ್ತು.

“ಸಮಯ ಇತ್ತು,” ಎಂದೆ. “ಸಂಜೆಯಾಯಿತು, ನಿಲ್ಲಿಸಿದೆ.”

ನಿನ್ನ ಸಮುದಾಯದ ಆ ಸಂಪ್ರದಾಯದ ಪ್ರಕಾರವೇ ಎಂದು ಒಬ್ಬರು ಆಸಕ್ತಿಯಿಂದ ಮುಂದೆ ಬಾಗಿದರು. ಅಲ್ಲ, ನನಗೆ ಸಾಕಾಗಿತ್ತು ಎಂದೆ.

ಫಲಿತಾಂಶ ನಿನ್ನೆ ಬಂತು. ಕೆಲಸದ ಬಗ್ಗೆ ಶ್ರದ್ಧೆ ಸಾಲದು ಎಂದಿದ್ದಾರೆ. ಮತ್ತೆ ಇನ್ನೊಂದು ಸೆಮಿಸ್ಟರಾ ಎಂದು ಅಮ್ಮ ಅತ್ತಳು. ಅಪ್ಪ ಫೋನನ್ನು ಅತ್ತೆಯ ಕೈಗೆ ಕೊಟ್ಟ, ಅವಳು ತಿಂದೆಯಾ ಎಂದಷ್ಟೇ ಕೇಳಿದಳು. ನನಗೂ ದುಃಖವಾಗಿದೆ, ಇಲ್ಲ ಎನ್ನುವುದಿಲ್ಲ. ಜೊತೆಯವರೆಲ್ಲ ಕಪ್ಪು ಗೌನು ತೊಟ್ಟು ಟೋಪಿ ಹಾರಿಸುವಾಗ ನಾನು ಇಲ್ಲಿ ಅರ ಹಿಡಿದು ಕೂತಿರುತ್ತೇನೆ. ಶ್ರದ್ಧೆ ಸಾಲದು ಎಂಬ ಮಾತನ್ನು ಮಾತ್ರ ಒಪ್ಪುವುದಿಲ್ಲ. ಅವರು ಇನ್ನೊಂದು ಸೆಮಿಸ್ಟರು ಕೊಟ್ಟಿದ್ದಾರೆ, ತೆಗೆದುಕೊಂಡಿದ್ದೇನೆ. ಅದನ್ನೂ ಸಂಜೆಯವರೆಗೆ ಮಾತ್ರ ಮಾಡುತ್ತೇನೆ.