ಕಾಲಿಗೆ ಎಟುಕದ ಪೆಡಲ್

ಬೆಳಗಿನ ಐದು ಗಂಟೆ, ಮೈನಸ್ ಇಪ್ಪತ್ತೊಂಬತ್ತು ಡಿಗ್ರಿ. ವಿನಿಪೆಗ್ ವಿಮಾನ ನಿಲ್ದಾಣದ ಹಿಂಬದಿಯಲ್ಲಿ ನೆಟ್ಟಿ ಬರಾನ್ಯೂಕ್ ಕಾರಿನ ಇಂಜಿನ್ ಹೆಪ್ಪುಗಟ್ಟದಂತೆ ಹೀಟರಿನ ವೈರು ಸಿಕ್ಕಿಸಿ, ಬೂಟಿನ ಹಿಮ ಕೊಡವಿ, ಟಾರ್ಚು ಹಿಡಿದು ಸಿಮ್ಯುಲೇಟರಿನ ಅಡಿಗೆ ತೂರುತ್ತಾರೆ. ನೆಲ ಬಿಡದೆಯೇ ಪೈಲಟ್‌ಗಳಿಗೆ ಹಾರಾಟ ಕಲಿಸುವ, ಆರು ಕಾಲಿನ ಮೇಲೆ ನಿಂತ ದೊಡ್ಡ ಬಿಳಿ ಡಬ್ಬಿ ಅದು. ಒಳಗೆ ಮಾತ್ರ ಅಸಲಿ ವಿಮಾನದ್ದೇ ಕಾಕ್‌ಪಿಟ್. ಒಂದೊಂದೇ ಕಾಲನ್ನು ಮುಟ್ಟಿ ನೋಡುತ್ತಾ, "ಚಳೀಲಿ ಇದಕ್ಕೂ ಮಂಡಿ ಹಿಡ್ಕೊಳತ್ತೆ, ನನ್ ಹಾಗೇನೇ" ಅನ್ನುತ್ತಾರೆ.

ವಯಸ್ಸು ಐವತ್ತೆಂಟು, ಎತ್ತರ ಐದಡಿ ಒಂದಿಂಚು, ಸಿಟ್ಟು ಮೂಗಿನ ತುದಿಯಲ್ಲಿ. ಇಪ್ಪತ್ತೆರಡು ವರ್ಷದ ಕೆಳಗೆ ಇಲ್ಲಿಗೆ ಬಂದದ್ದು ಪೈಲಟ್‌ಗಳ ಸೀಟಿನ ಹರಿದ ಕವರು ಹೊಲಿಯಲು. ಗಂಡ ತೀರಿಕೊಂಡಿದ್ದ, ಇಬ್ಬರು ಹೆಣ್ಣುಮಕ್ಕಳು ಇನ್ನೂ ಶಾಲೆಯಲ್ಲಿದ್ದರು. ಹೊಲಿಗೆಯ ನಡುವೆಯೇ ವೈರಿಂಗ್ ಕಲಿತರು, ಆಮೇಲೆ ಯಂತ್ರವನ್ನೇ ಕಲಿತರು. ಈಗ ತರಬೇತಿಗೆ ಬರುವ ಪೈಲಟ್‌ಗಳಿಗಾಗಿ ದಿನಕ್ಕೆ ಹದಿನೈದು ಸಲವಾದರೂ ಸಿಮ್ಯುಲೇಟರಿನ ಇಂಜಿನ್ ಕೆಡಿಸುತ್ತಾರೆ. ಎಲ್ಲಾದರೂ ವಿಮಾನ ಬಿದ್ದರೆ ತನಿಖೆಯವರು ಅದರ ದಾಖಲೆ ಹೊತ್ತು ಇವರ ಬಳಿಗೇ ಬರುತ್ತಾರೆ. ಅವತ್ತಿನ ಗಾಳಿ, ಅವತ್ತಿನ ತೂಕ, ಅವತ್ತಿನ ಮಂಜು, ಎಲ್ಲವನ್ನೂ ನೆಟ್ಟಿ ಮತ್ತೆ ಹೊಂದಿಸಿಕೊಡಬೇಕು. ಯಾವ ವರದಿಯಲ್ಲೂ ಅವರ ಹೆಸರಿಲ್ಲ.

ಎರಡು ವರ್ಷದ ಹಿಂದೆ ಬಂದದ್ದು ಮೊರೀನ್ ಫ್ಲೆಟ್ ಎಂಬ ಕ್ಯಾಪ್ಟನ್ನಿನ ಪ್ರಕರಣ. ಉತ್ತರದ ಸಣ್ಣ ಊರೊಂದರಲ್ಲಿ ನಲವತ್ತೊಂದು ಜನರನ್ನು ಹೊತ್ತ ವಿಮಾನ ಇನ್ನೇನು ಮೇಲೇಳಬೇಕು, ಎಡಗಡೆಯ ಇಂಜಿನ್ ಕೈಕೊಟ್ಟಿತು. ದಿಕ್ಕು ತಿರುಗಿಸುವ ಬಲಗಾಲಿನ ಪೆಡಲನ್ನು ಪೂರ್ತಿ ಒತ್ತಿದ್ದರೆ ವಿಮಾನ ನೆಟ್ಟಗೆ ಓಡುತ್ತಿತ್ತು. ಅದು ಎಡಕ್ಕೆ ತಿರುಗಿ ಮೂತಿ ಮುಂದಾಗಿ ಚರಂಡಿಗೆ ಗುದ್ದಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಓಟದ ನಡುವೆ ತನ್ನ ಸೀಟು ಹಿಂದಕ್ಕೆ ಜಾರಿತೆಂದು ಮೊರೀನ್ ಆಸ್ಪತ್ರೆಯ ಹಾಸಿಗೆಯಿಂದಲೇ ಹೇಳಿದರು. ಸೀಟು ಜಾರಿದ್ದು ಗುದ್ದಿದಾಗ ಎಂದು ತನಿಖೆಯವರು ಆ ಮಾತನ್ನು ತಳ್ಳಿಹಾಕಿದರು, ಮೊರೀನ್ ಅವರ ಲೈಸೆನ್ಸ್ ತಡೆಹಿಡಿಯಲಾಯಿತು.

ಅದೇ ಗಳಿಗೆಯನ್ನು ಸಿಮ್ಯುಲೇಟರಿನಲ್ಲಿ ಒಂಬತ್ತು ಪೈಲಟ್‌ಗಳು ಹಾರಿಸಿ ನೋಡಿದರು. ಒಂಬತ್ತೂ ಸಲ ವಿಮಾನ ನೆಟ್ಟಗೇ ಓಡಿತು. "ಕ್ಯಾಪ್ಟನ್ ಪೆಡಲನ್ನು ಪೂರ್ತಿ ಒತ್ತಲಿಲ್ಲ" ಎಂದು ತನಿಖಾಧಿಕಾರಿ ಜೆರಾರ್ಡ್ ಲಾಫ್ರಂಬ್ವಾ ಕರಡು ಬರೆದೂ ಆಗಿತ್ತು.

ನೆಟ್ಟಿ ಹಿಂದೆ ಕೂತು ನೋಡಿದ್ದು ಬೇರೆ. ಒಳಗೆ ಬಂದ ಪ್ರತಿಯೊಬ್ಬನೂ ಮೊಟ್ಟಮೊದಲು ಸೀಟನ್ನು ತನ್ನ ಕಾಲಿಗೆ ತಕ್ಕಂತೆ ಎಳೆದುಕೊಂಡು, ಅದರ ಗೂಟವನ್ನು ಕೆಳಗಿನ ಹಳಿಯ ಸಾಲುತೂತುಗಳಲ್ಲೊಂದಕ್ಕೆ ಸಿಕ್ಕಿಸುತ್ತಿದ್ದ. ಪೈಲಟ್‌ಗಳಿಗೆ ಅದು ಉಸಿರಾಡಿದಷ್ಟೇ ಸಹಜ, ಹಾಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಜೆರಾರ್ಡ್, ಮೊರೀನ್ ಸೀಟು ಯಾವ ತೂತಲ್ಲಿ ಸಿಕ್ತು?"

"ಆರನೇದ್ರಲ್ಲಿ. ಅವ್ಳು ಕೂರೋದು ನಾಲ್ಕನೇದ್ರಲ್ಲಿ. ಗುದ್ದಿದ ರಭಸಕ್ಕೆ ಜಾರಿದೆ ಬಿಡು."

"ಮೂತಿ ಗುದ್ದಿದ್ರೆ ಸೀಟು ಮುಂದಕ್ಕೆ ಬರ್ಬೇಕಲ್ವೇನಪ್ಪ? ಹಿಂದಕ್ಕೆ ಹೆಂಗೋಯ್ತು?"

ಜೆರಾರ್ಡ್ ಕಾಫಿ ಲೋಟ ಕೆಳಗಿಟ್ಟರು. "ಕವರು ಹೊಲಿಯೋರು ನಮ್ಗೆ ತನಿಖೆ ಹೇಳ್ಕೊಡ್ಬೇಕಾ?"

"ಹೇಳ್ಕೊಡಲ್ಲ, ಕೂತು ತೋರಿಸ್ತೀನಿ. ನನ್ನೆತ್ತರಾನೂ ಅವಳೆತ್ತರಾನೂ ಒಂದೇ."

ಸೀಟನ್ನು ಆರನೇ ತೂತಿಗೆ ಸಿಕ್ಕಿಸಿ ನೆಟ್ಟಿ ಕೂತರು. ಇಂಜಿನ್ ಕೆಟ್ಟಿತು. ಕಾಲು ಪೂರ್ತಿ ಚಾಚಿದರೂ ಬೂಟಿನ ತುದಿ ಪೆಡಲನ್ನು ಅರ್ಧಕ್ಕಷ್ಟೇ ತಳ್ಳಿತು. ಪರದೆಯ ಮೇಲೆ ಅದೇ ಚರಂಡಿ ಅದೇ ಜಾಗದಲ್ಲಿ ಎದುರಾಯಿತು. "ಇನ್ನೊಂದ್ಸಲ" ಎಂದರು ಜೆರಾರ್ಡ್, ಈ ಸಲ ಮೆತ್ತಗೆ.

ಆಮೇಲೆ ಅದೇ ಮಾದರಿಯ ವಿಮಾನಗಳನ್ನು ತಪಾಸಣೆ ಮಾಡಿದಾಗ ನಾಲ್ಕರಲ್ಲಿ ಸೀಟು ಹಿಡಿದಿಡುವ ಗೂಟ ಸವೆದಿತ್ತು. ವರದಿ ಬದಲಾಯಿತು, ಕಳೆದ ವಸಂತದಿಂದ ಮೊರೀನ್ ಮತ್ತೆ ಹಾರುತ್ತಿದ್ದಾರೆ. ಜೆರಾರ್ಡ್ ಈಗ ಬಂದಾಗಲೆಲ್ಲ ಒಂದು ಡಬ್ಬಿ ಪೆರೋಗಿ, ಆಲೂಗಡ್ಡೆ ತುಂಬಿದ ಕಡುಬು, ತರುತ್ತಾರೆ. "ಹಿಟ್ಟು ಗಟ್ಟಿ, ಒಳಗೆ ಉಪ್ಪಿಲ್ಲ. ಆದ್ರೂ ಪಾಪ, ತರ್ತಾನೆ" ಅನ್ನುತ್ತಾರೆ ನೆಟ್ಟಿ.

ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಏನಾದರೂ ಆಸೆಯುಂಟೇ ಎಂದರೆ ಪಾನಾ ಒರೆಸಿ ಕೆಳಗಿಡುತ್ತಾರೆ.

"ಉತ್ತರದಲ್ಲಿ ಥಾಂಪ್ಸನ್ ಅನ್ನೋ ಊರಲ್ಲಿ ತಂಗಿ ಇದಾಳೆ. ಮೊರೀನ್ ಓಡಿಸೋ ವಿಮಾನದಲ್ಲೇ ಒಂದ್ಸಲ ಹೋಗ್ಬೇಕು. ಈ ಕೆಲಸಕ್ಕೆ ಸೇರಿದ ಮೇಲೆ ವಿಮಾನ ಮೇಲೇಳೋ ಹೊತ್ನಲ್ಲಿ ನಾನು ಕಣ್ಣು ಮುಚ್ಚಿದ್ದೇ ಇಲ್ಲ. ಅವತ್ತು ಬೆಲ್ಟ್ ಹಾಕ್ಕೊಂಡು, ನಿದ್ದೆ ಮಾಡ್ಬಿಡ್ತೀನಿ."